ದರ್ಜಿ ಅಂಗಡಿಯ ಒಳಬಾಗಿಲು

ಬೋರ್ಡಕ್ಕನ ಉಗುರುಗಳ ಬುಡದಲ್ಲಿ ಈಗಲೂ ಒಂದು ತೆಳು ನೀಲಿ ಉಳಿದಿದೆ. ಟರ್ಪೆಂಟೈನ್, ಬಟ್ಟೆ ಸೋಪು, ನಿಂಬೆಸಿಪ್ಪೆ ಯಾವುದಕ್ಕೂ ಅದು ಜಗ್ಗಲಿಲ್ಲ. ಏಣಿ ಹತ್ತಿ ಅಂಗಡಿಗಳ ಬೋರ್ಡು ಬರೆಯುವುದನ್ನು ಬಿಟ್ಟು ಎಷ್ಟೋ ವರ್ಷಗಳಾದವು. ಈಗ ಅದೇ ಬೆರಳುಗಳು ಕೀಬೋರ್ಡಿನ ಮೇಲೆ ಓಡಾಡುತ್ತವೆ, ಅವುಗಳ ಜೊತೆ ಆ ನೀಲಿಯೂ ಓಡಾಡುತ್ತದೆ.

ಅವಳ ಕೋಣೆ ಟೈಲರ್ ಮಾಸ್ಟರ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಕೆಳಗಿನ ಹೊಲಿಗೆ ಯಂತ್ರದ ಸದ್ದು ನೆಲದ ಮೂಲಕ ಪಾದಕ್ಕೆ ತಿಳಿಯುತ್ತದೆ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಅದರ ಪಕ್ಕ ತಗಡಿನ ಡಬ್ಬಿಯಲ್ಲಿ ತಲೆ ಮೇಲಾಗಿ ನಿಂತ ಹಳೆಯ ಕುಂಚಗಳು. ಬಟ್ಟೆಯ ಪರದೆಯ ಆಚೆ ಅಡುಗೆಮನೆ. ಅದು ಅವಳ ಗಂಡನ ರಾಜ್ಯ. ಬದುಕಿಡೀ ಬಸ್ಸು ಓಡಿಸಿ ನಿವೃತ್ತನಾದ ಆತ ಈಗ ಒಗ್ಗರಣೆ ಹಾಕುವಾಗಲೂ ಎಡಬಲ ನೋಡಿಯೇ ಹಾಕುತ್ತಾನೆ.

ಕಸುಬು ಅವಳಿಗೆ ಅಪ್ಪನಿಂದ ಬಂದದ್ದು. ಮೊದಲು ಅಪ್ಪ ಬರೆಯುವಾಗ ಏಣಿ ಹಿಡಿದಳು, ಅಪ್ಪನ ಕೈ ನಡುಗತೊಡಗಿದ ಮೇಲೆ ತಾನೇ ಏಣಿ ಹತ್ತಿದಳು. ಅಪ್ಪ ಕೆಳಗೆ ನಿಂತು ಏಣಿ ಹಿಡಿದ. ಆತ ಒಂದು ವಿಷಯದಲ್ಲಿ ಮಾತ್ರ ಬಲು ಕಟ್ಟುನಿಟ್ಟು. "ಹಳೇ ಅಕ್ಷರದ ಮೇಲೆ ಹೊಸ ಅಕ್ಷರ ಬರೀಬೇಡ ಮಗಾ. ಕೆರೆದು ಹಾಕು. ಮರ ಕಾಣೋ ತನಕ ಕೆರಿ. ಇಲ್ಲಾಂದ್ರೆ ಬಿಸಿಲಿಗೆ ಹಳೇದು ಎದ್ದು ಬರುತ್ತೆ" ಎನ್ನುತ್ತಿದ್ದ. ಯಾವನೋ ಸೋಮಾರಿ ಪೇಂಟರು ಕ್ಷೌರದಂಗಡಿಯ ಬೋರ್ಡಿನ ಮೇಲೆಯೇ ಬಿಳಿ ಬಳಿದು ಹಾಲಿನ ಅಂಗಡಿಯ ಹೆಸರು ಬರೆದಿದ್ದನಂತೆ. ಬೇಸಿಗೆ ಕಳೆಯುವಷ್ಟರಲ್ಲಿ ಹಾಲಿನಂಗಡಿಯ ಹೆಸರಿನೊಳಗಿಂದ ಕತ್ತರಿಯೂ ಬಾಚಣಿಗೆಯೂ ಮೂಡಿ ಬಂದವಂತೆ. ಈ ಕಥೆ ಹೇಳುವಾಗ ಅಪ್ಪ ಒಮ್ಮೆಯೂ ನಗುತ್ತಿರಲಿಲ್ಲ. ಅವನಿಗೆ ಅದು ನಗುವ ವಿಷಯವೇ ಅಲ್ಲ.

ಆಮೇಲೆ ಯಂತ್ರದಲ್ಲಿ ಅಚ್ಚಾಗುವ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಬೋರ್ಡು ಸಿದ್ಧ. ಬೋರ್ಡಕ್ಕನ ಏಣಿ ಗೋಡೆಗೆ ಒರಗಿತು, ಆಮೇಲೆ ಅದರ ಮೇಲೆ ಒಗೆದ ಬಟ್ಟೆ ಒಣಗತೊಡಗಿತು. ಅವಳು ಆಗ ಅತ್ತದ್ದನ್ನು ಯಾರೂ ನೋಡಿಲ್ಲ. ಗಂಡ ನೋಡಿರಬಹುದು, ಆದರೆ ಅವನು ಹೇಳುವವನಲ್ಲ.

ದಾರಿ ತೋರಿಸಿದವನು ಎದುರಿನ ಕೀಲಿಯಣ್ಣ. ಬೀಗ ರಿಪೇರಿ ಮಾಡುತ್ತ, ಕಳೆದುಹೋದ ಕೀಲಿಗೆ ಜೋಡಿ ಕೀಲಿ ಕೊರೆಯುತ್ತ, ಅದರ ನಡುನಡುವೆ ಬೀದಿಯ ಎಲ್ಲರ ವ್ಯವಹಾರಕ್ಕೂ ಮೂಗು ತೂರಿಸುವ ಮನುಷ್ಯ.

"ಅಕ್ಕಾ, ಈಗ ಯಾರು ತಲೆ ಎತ್ತಿ ಬೋರ್ಡು ನೋಡ್ತಾರೆ ಹೇಳು? ಎಲ್ರೂ ಫೋನೊಳಗೆ ತಲೆ ಹುದುಗಿಸ್ಕೊಂಡೇ ನಡೀತಾರೆ. ಆ ಫೋನೊಳಗೆ ನಂದೊಂದು ಬೋರ್ಡು ತೂಗು ಹಾಕು ನೋಡೋಣ" ಎಂದಿದ್ದ. ತಮಾಷೆಗೇ ಅಂದದ್ದು. ಆದರೆ ಅವಳು ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಒಂದು ಚಳಿಗಾಲ ಪೂರ್ತಿ ಕೂತು ವೆಬ್‌ಸೈಟು ಮಾಡುವುದನ್ನು ಕಲಿತಳು.

ಕಲಿತವಳು ಒಂದೊಂದು ಅಂಗಡಿಗೂ ಒಂದೊಂದು ಹೆಸರು ಕೊಳ್ಳಲಿಲ್ಲ. ಇಡೀ ಬೀದಿಗೆ ಸೇರಿಸಿ ಒಂದೇ ಹೆಸರು ಕೊಂಡಳು: ನಮ್ಮಬೀದಿ. ಒಂದು ಹೋಸ್ಟಿಂಗ್ ಕಂಪನಿಯಲ್ಲಿ ಒಂದೇ ಖಾತೆ ತೆರೆದಳು. ಎಲ್ಲೋ ದೂರದಲ್ಲಿರುವ ಅವರ ಕಂಪ್ಯೂಟರಿನಲ್ಲಿ ಒಂದಿಷ್ಟು ಜಾಗ ಬಾಡಿಗೆಗೆ ಪಡೆದಂತೆ. ಆಮೇಲೆ ಆ ಹೆಸರಿನ ಮುಂದೆ ಬೇಕಾದ ಪದ ಹಾಕಿ, ನಡುವೆ ಒಂದು ಚುಕ್ಕಿ ಇಟ್ಟರೆ ಸಾಕು, ಹೊಸದೊಂದು ವಿಳಾಸ ಹುಟ್ಟುತ್ತಿತ್ತು. ಕೀಲಿ ಡಾಟ್ ನಮ್ಮಬೀದಿ. ಗಡಿಯಾರ ಡಾಟ್ ನಮ್ಮಬೀದಿ. ದರ್ಜಿ ಡಾಟ್ ನಮ್ಮಬೀದಿ. ಇದಕ್ಕೆ ಸಬ್‌ಡೊಮೇನ್ ಅನ್ನುತ್ತಾರೆ ಎಂದು ಅವಳು ಅಂಗಡಿಯವರನ್ನೆಲ್ಲ ಕೂರಿಸಿ ಹೇಳಿದಳು.

"ಬೀದಿ ಹೆಸರು ಒಂದೇ. ಅದರ ಮುಂದೆ ಬರೋದು ನಿಮ್ಮ ನಿಮ್ಮ ಬಾಗಿಲು. ಅಷ್ಟೇ."

"ಅಂದ್ರೆ ಬೀದಿಗೆ ನೀನೇ ಯಜಮಾನಿ" ಎಂದ ಕೀಲಿಯಣ್ಣ.

"ಅಲ್ಲ ಕಣೋ. ಬೀದಿ ಗುಡಿಸೋಳು."

ನಿಜಕ್ಕೂ ಗುಡಿಸುವ ಕೆಲಸವೇ. ಪ್ರತಿ ದಿನ ಬೆಳಿಗ್ಗೆ ಕಾಫಿ ಮುಗಿಸಿ ಅವಳು ಖಾತೆಯೊಳಗೆ ಹೋಗಿ ಬೀದಿಯುದ್ದಕ್ಕೂ ಕಣ್ಣು ಹಾಯಿಸುತ್ತಿದ್ದಳು. ಯಾವ ವಿಳಾಸದ ಪಕ್ಕದಲ್ಲಿ ಪುಟ ಸುರಕ್ಷಿತ ಎಂದು ಹೇಳುವ ಬೀಗದ ಗುರುತು ಕಾಣಿಸುತ್ತಿಲ್ಲ, ಯಾರ ಫೋಟೋ ತೆರೆಯುತ್ತಿಲ್ಲ, ಯಾರ ಅಂಗಡಿಯ ಸಮಯ ಬದಲಾಗಿದೆ. ಒಬ್ಬೊಬ್ಬರ ಸಾಮಾನಿಗೂ ಒಂದೊಂದು ಫೋಲ್ಡರ್ ಇಟ್ಟಿದ್ದಳು. ಆ ಫೋಲ್ಡರುಗಳನ್ನು ಬೀದಿಯಲ್ಲಿ ಅಂಗಡಿಗಳು ಹೇಗಿವೆಯೋ ಹಾಗೇ ಜೋಡಿಸಿದ್ದಳು. ಬೋರ್ಡು ಬರೆಯುವವರಿಗೆ ಅಳತೆ ಮುಖ್ಯ. ಗೋಡೆ ಇದ್ದ ಹಾಗೆ ಬೋರ್ಡು ಇರಬೇಕು.

ಅದರಿಂದಲೇ ಒಂದು ವಿಚಿತ್ರ ಆಯಿತು.

ಟೈಲರ್ ಮಾಸ್ಟರ ಅಂಗಡಿಯಲ್ಲಿ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಅವರ ಯಂತ್ರ, ಕತ್ತರಿಸುವ ಮೇಜು, ನಿಲುವುಗನ್ನಡಿ. ಹಿಂಗೋಡೆಯಲ್ಲೊಂದು ಒಳಬಾಗಿಲು. ಅದರಾಚೆಯ ಕೋಣೆಯಲ್ಲಿ ಅವರ ಸೊಸೆ ನಾಟಕದ ಉಡುಪು ಹೊಲಿಯುತ್ತಿದ್ದಳು. ಮಗ ಲಾರಿ ಓಡಿಸುತ್ತ ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಹೊಲಿಗೆ ಬಂದದ್ದು ಸೊಸೆಗೆ. ಆ ಹಿಂದಿನ ಕೋಣೆಗೆ ಬೀದಿಯಿಂದ ಬಾಗಿಲಿಲ್ಲ. ಅವಳನ್ನು ನೋಡಬೇಕೆಂದರೆ ಮಾಸ್ಟರ ಯಂತ್ರ ದಾಟಿ, ಅವರ ಕೊಂಕು ಮಾತೊಂದನ್ನು ಕೇಳಿಸಿಕೊಂಡೇ ಹೋಗಬೇಕು. "ರಾಜನ ಅಂಗಿ ಬೇಕಾ, ರಾಕ್ಷಸಂದಾ? ಒಳಗೆ ಹೋಗಿ. ಮನುಷ್ಯರ ಅಂಗಿ ಬೇಕಿದ್ರೆ ಇಲ್ಲೇ ನಿಲ್ಲಿ" ಎನ್ನುತ್ತಿದ್ದರು ಮಾಸ್ಟರು, ದಾರ ಹಲ್ಲಲ್ಲಿ ಕಡಿಯುತ್ತ.

ಸೊಸೆಗೆಂದು 'ವೇಷ' ಎಂಬ ವಿಳಾಸ ಮಾಡಿಕೊಟ್ಟಾಗ ಬೋರ್ಡಕ್ಕ ಅವಳ ಫೋಲ್ಡರನ್ನು ಮಾಸ್ಟರ 'ದರ್ಜಿ' ಫೋಲ್ಡರಿನ ಒಳಗೆ ಇಟ್ಟಳು. ಹೊರಗಿನಿಂದ ನೋಡುವವರಿಗೆ ಎರಡೂ ಬೇರೆ ಬೇರೆ ವಿಳಾಸ. ಒಳಗೆ ಮಾತ್ರ ಮಾವನ ಕೋಣೆ ದಾಟಿಯೇ ಸೊಸೆಯ ಕೋಣೆ. ಇರುವುದು ಹಾಗೇ ಅಲ್ಲವೇ ಎಂದುಕೊಂಡಳು. ಆಮೇಲೆ ಮರೆತೂಬಿಟ್ಟಳು.

ಒಂದು ಬೆಳಿಗ್ಗೆ ಮಾಸ್ಟರು ಮೆಟ್ಟಿಲ ಕಂಬಿ ಹಿಡಿದುಕೊಂಡು ಮೇಲೆ ಬಂದರು. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಸೂಜಿಗೆ ದಾರ ಪೋಣಿಸುವುದನ್ನು ಬಿಟ್ಟಿದ್ದರು. ಸೂಜಿಯನ್ನೇ ಬಿಡುವ ತೀರ್ಮಾನಕ್ಕೂ ಬಂದಿದ್ದರು. ಕುರ್ಚಿ ಎಳೆದುಕೊಂಡು ಕೂತರು.

"ನನ್ನ ಬೋರ್ಡು ಇಳಿಸಿಬಿಡು."

"ಕೆಳಗಿಂದಾ, ಇದರೊಳಗಿಂದಾ?"

"ಮೊದಲು ಇದರೊಳಗಿಂದು. ಇನ್ನೂ ಫೋನ್ ಬರ್ತಾನೇ ಇದೆ. ಪ್ಯಾಂಟು ಹೊಲಿತೀರಾ, ಕೋಟು ಹೊಲಿತೀರಾ ಅಂತ. ಹೊಲಿಯಲ್ಲ ಅಂತ ಹೇಳಿ ಹೇಳಿ ಬಾಯಿ ಒಣಗ್ತು. ಇಲ್ಲದ ಅಂಗಡಿಗೆ ಬೋರ್ಡು ಯಾಕೆ? ಸುಳ್ಳು ಹೇಳಿದ ಹಾಗೆ."

"ಕೋಣೆ ಏನು ಮಾಡ್ತೀರಿ?"

ಮಾಸ್ಟರು ಕಿಟಕಿಯ ಕಡೆ ನೋಡಿದರು. "ಮನೆಯೋನು ಬೇರೆಯವರಿಗೆ ಕೊಡ್ತಾನಂತೆ. ಇವಳು ಹಟ ಹಿಡ್ದಿದಾಳೆ. ಆ ದೊಡ್ಡ ನಾಟಕ ಮಂದಿರದವರು ವರ್ಷಪೂರ್ತಿ ಉಡುಪು ಹೊಲಿಸೋ ಕೆಲಸ ಕೊಟ್ರೆ ಮುಂದಿನ ಕೋಣೇನೂ ತಾನೇ ಇಟ್ಕೊಳ್ತಾಳಂತೆ. ಇವತ್ತು ಮಧ್ಯಾಹ್ನ ಊಟ ಆದ್ಮೇಲೆ ಅವರೆಲ್ಲ ಕೂತು ಇವಳ ಪುಟ ನೋಡಿ ತೀರ್ಮಾನ ಮಾಡ್ತಾರಂತೆ. ಸಿಕ್ಕಿಲ್ಲ ಅಂದ್ರೆ ಎರಡೂ ಕೋಣೆಗೆ ಬೀಗ. ಬಾಗಿಲೇ ಇಲ್ಲದ ಹಿಂದಿನ ಕೋಣೇಲಿ ಕೂತು ಏನು ಮಾಡ್ತಾಳೆ?"

"ಸಿಗುತ್ತೆ ಬಿಡಿ. ಅವಳ ಕೈ ಚೆನ್ನಾಗಿದೆ."

"ಹೊಲಿಗೆ ದೂರ ದೂರ ಹಾಕ್ತಾಳೆ" ಎಂದರು ಮಾಸ್ಟರು.

ಬೋರ್ಡಕ್ಕ ಖಾತೆ ತೆರೆದಳು. ಮಾಸ್ಟರು ಮುಂದೆ ಬಾಗಿ ನೋಡತೊಡಗಿದರು. ಸಬ್‌ಡೊಮೇನುಗಳ ಸಾಲಿನಲ್ಲಿ 'ದರ್ಜಿ'ಯ ಪಕ್ಕ ಇದ್ದ ಗುಂಡಿ ಒತ್ತಿದಳು. ವಿಳಾಸ ಹೋಯಿತು. ಆದರೆ ವಿಳಾಸ ತೆಗೆದರೆ ಅದರ ಫೋಲ್ಡರ್ ತಾನಾಗಿ ಹೋಗುವುದಿಲ್ಲ. ಬೋರ್ಡು ಇಳಿಸಿದರೂ ಅಂಗಡಿಯೊಳಗಿನ ಸಾಮಾನು ಇರುವಂತೆ, ಅದು ಅಲ್ಲೇ ಬಿದ್ದಿರುತ್ತದೆ. ಬೇರೆಯವರಾಗಿದ್ದರೆ ಹಾಗೇ ಬಿಡುತ್ತಿದ್ದರು. ಅವಳು ಅಪ್ಪನ ಮಗಳು. ಫೋಲ್ಡರುಗಳಿರುವಲ್ಲಿಗೆ ಹೋಗಿ 'ದರ್ಜಿ'ಯ ಮೇಲೆ ಒತ್ತಿದಳು. ಕಸದ ಬುಟ್ಟಿಗೂ ಹಾಕದೆ ಪೂರ್ತಿ ಅಳಿಸಬೇಕೇ ಎಂದು ಪರದೆ ಕೇಳಿತು. ಮರ ಕಾಣೋ ತನಕ ಕೆರಿ, ಎಂದ ಅಪ್ಪ, ಎಲ್ಲಿಂದಲೋ. ಹೌದು ಎಂದು ಒತ್ತಿದಳು.

"ಇಷ್ಟೇನಾ?" ಎಂದರು ಮಾಸ್ಟರು.

"ಇಷ್ಟೇ."

ಮಾಸ್ಟರು ಕುರ್ಚಿ ಹಿಂದಕ್ಕೆ ಸರಿಸಿದರು. "ಒಂದು ಗುಂಡಿ ಕೀಳೋಕೂ ಇದಕ್ಕಿಂತ ಹೊತ್ತು ಬೇಕು ನೋಡು" ಎಂದು ಎದ್ದು, ಕಂಬಿ ಹಿಡಿದು ಇಳಿದು ಹೋದರು.

ಬೋರ್ಡಕ್ಕ ಗಡಿಯಾರದಂಗಡಿಯ ಹೊಸ ಸಮಯ ಬರೆಯುತ್ತಿದ್ದಾಗ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಸೊಸೆ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಫೋನು, ರವಿಕೆಯ ಅಂಚಿಗೆ ಚುಚ್ಚಿಕೊಂಡ ಸಾಲು ಪಿನ್ನು.

"ಅಕ್ಕಾ, ನನ್ನ ಪುಟ ಎಲ್ಲಿ?"

"ಎಲ್ಲಿ ಅಂದ್ರೆ?"

"ಒತ್ತಿದ್ರೆ ಈ ಪುಟ ಸಿಗಲಿಲ್ಲ ಅಂತ ಬರ್ತಿದೆ. ನೋಡಿ. ಬೆಳಿಗ್ಗೆ ಇತ್ತು. ನಾಟಕ ಮಂದಿರದ ಉಡುಪಿನ ಮೇಡಂ ಮಧ್ಯಾಹ್ನ ದೊಡ್ಡ ಪರದೆ ಮೇಲೆ ಹಾಕಿ ಎಲ್ರಿಗೂ ತೋರಿಸ್ತೀನಿ ಅಂದಿದಾರೆ."

ಬೋರ್ಡಕ್ಕ ಫೋನು ತೆಗೆದುಕೊಂಡು ನೋಡಿದಳು. 'ವೇಷ'ದ ವಿಳಾಸ ಇದೆ. ವಿಳಾಸದ ಹಿಂದೆ ಏನೂ ಇಲ್ಲ. ಬೋರ್ಡು ಗೋಡೆಯ ಮೇಲೆ ನೇತಾಡುತ್ತಿದೆ, ಗೋಡೆಯ ಹಿಂದಿನ ಕೋಣೆಯೇ ಮಾಯ. ಮಾವನ ಕೋಣೆ ಕೆಡವಿದಾಗ ಅದರೊಳಗಿದ್ದ ಸೊಸೆಯ ಕೋಣೆಯೂ ಹೋಗಿತ್ತು. ಇಟ್ಟವಳೂ ತಾನೇ, ಕೆಡವಿದವಳೂ ತಾನೇ.

ಸುಳ್ಳು ಹೇಳಲು ದಾರಿಯಿತ್ತು. ಕಂಪನಿಯವರ ತೊಂದರೆ, ನೆಟ್‌ವರ್ಕಿನ ತೊಂದರೆ ಎಂದರೆ ಯಾರು ಕೇಳುತ್ತಿದ್ದರು? ಅವಳು ಕುರ್ಚಿ ತಿರುಗಿಸಿ ಸೊಸೆಯ ಮುಖ ನೋಡಿದಳು.

"ನಾನೇ ಅಳಿಸ್ದೆ ಕಣಮ್ಮ. ನಿಮ್ಮ ಮಾವಂದು ತೆಗೀತಿದ್ದೆ. ನಿಂದು ಅದರೊಳಗಿತ್ತು. ನನ್ನ ತಪ್ಪು."

ಸೊಸೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲ ಬಳಿಯಿದ್ದ ಹಳೆಯ ಬಣ್ಣದ ಡಬ್ಬಿಯ ಮೇಲೆ ಕುಸಿದು ಕೂತು, ಟೇಪನ್ನು ಬೆರಳಿಗೆ ಸುತ್ತತೊಡಗಿದಳು. "ಅಲ್ಲೂ ನಾನು ಅವರ ಒಳಗೇ ಇದ್ನಾ?" ಎಂದಳು ಮೆಲ್ಲಗೆ.

ಆ ಮಾತು ಬೋರ್ಡಕ್ಕನಿಗೆ ಪಿನ್ನಿನ ಹಾಗೆ ಚುಚ್ಚಿತು.

ಅಡುಗೆಮನೆಯ ಪರದೆ ಸರಿಯಿತು. ಕೈಯಲ್ಲಿ ಸೌಟು ಹಿಡಿದ ಗಂಡ ಇಣುಕಿದ. ಎಲ್ಲ ಕೇಳಿಸಿಕೊಂಡಿದ್ದನೆಂದು ಕಾಣುತ್ತದೆ.

"ಅದಕ್ಕೆ ರಿವರ್ಸ್ ಗೇರ್ ಇಲ್ವಾ?"

"ಸುಮ್ನಿರ್ರೀ" ಎಂದವಳು ಅಲ್ಲಿಗೇ ನಿಂತಳು. ರಿವರ್ಸ್ ಇತ್ತು. ಹೋಸ್ಟಿಂಗ್ ಕಂಪನಿಯವರು ವಾರಕ್ಕೊಮ್ಮೆ ಇಡೀ ಖಾತೆಯ ಒಂದು ಪ್ರತಿ ತೆಗೆದಿಡುತ್ತಾರೆ. ಬ್ಯಾಕಪ್. ಇಷ್ಟು ವರ್ಷದಲ್ಲಿ ಅವಳಿಗೆ ಅದು ಬೇಕಾಗಿಯೇ ಇರಲಿಲ್ಲ. ತಾನು ಒಂದು ಸಲ ಕೆರೆದದ್ದನ್ನು ಮತ್ತೆ ಬೇಕೆಂದು ಕೇಳಿದವಳೇ ಅಲ್ಲ ಅವಳು. ಫೋನು ಎತ್ತಿ ಅವರ ಸಹಾಯವಾಣಿಗೆ ಹಚ್ಚಿದಳು. ಸಂಗೀತ ಕೇಳಿಸಿ ಕೇಳಿಸಿ ಕೊನೆಗೊಂದು ಹುಡುಗಿಯ ದನಿ ಬಂತು.

"ಭಾನುವಾರ ತೆಗೆದ ಬ್ಯಾಕಪ್ ಇದೆ ಮೇಡಂ. ಆ ಫೋಲ್ಡರ್ ಮಾತ್ರ ವಾಪಸ್ ಹಾಕ್ಕೊಡ್ತೀವಿ. ಒಂದು ಕೇಳ್ಬಹುದಾ? ಒಂದು ಸಬ್‌ಡೊಮೇನಿನ ಫೋಲ್ಡರ್ ಒಳಗೆ ಇನ್ನೊಂದರದ್ದು ಯಾಕೆ ಇಟ್ಟಿದ್ರಿ?"

"ಬೀದೀಲಿ ಹಾಗೇ ಇದೆ."

"ಯಾವ ಬೀದೀಲಿ ಮೇಡಂ?"

"ಅದೆಲ್ಲ ದೊಡ್ಡ ಕಥೆ. ನೀನು ಮೊದಲು ಹಾಕ್ಕೊಡಮ್ಮ, ಪುಣ್ಯ ಬರುತ್ತೆ."

ಪುಣ್ಯಕ್ಕೋ ಸಂಬಳಕ್ಕೋ, ಹುಡುಗಿ ಹಾಕಿಕೊಟ್ಟಳು. ಬೋರ್ಡಕ್ಕ ಈ ಸಲ ಸೊಸೆಯ ಫೋಲ್ಡರನ್ನು ಎತ್ತಿ ಹೊರಗೆ, ಬೇರೆಲ್ಲ ಅಂಗಡಿಗಳ ಸಾಲಿನಲ್ಲಿ ಅದರದ್ದೇ ಜಾಗದಲ್ಲಿಟ್ಟಳು. 'ವೇಷ' ಎಂಬ ವಿಳಾಸ ಇನ್ನು ಮುಂದೆ ಈ ಹೊಸ ಜಾಗಕ್ಕೆ ಹೋಗಬೇಕೆಂದು ಖಾತೆಯಲ್ಲಿ ತಿದ್ದಿದಳು. ಪುಟ ತೆರೆಯಿತು. ರಾಜರು ಬಂದರು, ರಾಕ್ಷಸರು ಬಂದರು, ಸೈನಿಕರ ಕವಚ, ಮುದುಕಿಯ ತೇಪೆ ಹಾಕಿದ ಶಾಲು, ಎಲ್ಲ ಬಂದವು.

ಸೊಸೆ ಎದ್ದು ಬಂದು ಪರದೆಗೆ ಮುಖ ಹತ್ತಿರ ತಂದಳು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. "ಕೊಕ್ಕರೆ?"

"ಯಾವ ಕೊಕ್ಕರೆ?"

"ಕೊಕ್ಕರೆ ರೆಕ್ಕೆ ಅಕ್ಕಾ. ಮೊನ್ನೆ ಬುಧವಾರ ನಾನೇ ಹಾಕಿದ್ದು."

ಬುಧವಾರದ ರೆಕ್ಕೆ ಭಾನುವಾರದ ಪ್ರತಿಯಲ್ಲಿ ಹೇಗಿರಲು ಸಾಧ್ಯ? ನಾಟಕ ಮಂದಿರದವರ ಮುಂದಿನ ನಾಟಕದ ತುಂಬ ಹಕ್ಕಿಗಳೇ. ಉಡುಪಿನ ಮೇಡಂ ನೋಡಬೇಕೆಂದು ಕೇಳಿದ್ದೂ ಅದನ್ನೇ. ಸೊಸೆಯ ಫೋನಿನಲ್ಲಿ ಆ ಫೋಟೋಗಳಿರಲಿಲ್ಲ. ಜಾಗ ಸಾಲದೆ, ಹೇಗಿದ್ದರೂ ಪುಟಕ್ಕೆ ಹಾಕಿಯಾಯಿತಲ್ಲ ಎಂದು ಅಂದೇ ಅಳಿಸಿದ್ದಳು. ಹೊಸದಾಗಿ ಫೋಟೋ ತೆಗೆಯೋಣವೆಂದರೆ ರೆಕ್ಕೆಗಳೇ ಊರಲ್ಲಿಲ್ಲ. ಹೊಲಿಸಿಕೊಂಡ ಬೇರೊಂದು ನಾಟಕ ತಂಡ ಅವನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಊರೂರು ಸುತ್ತಲು ಹೊರಟಿತ್ತು. ಅವರಿಗೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ.

ಆಗ ಮೆಟ್ಟಿಲ ಬಳಿ ಕೆಮ್ಮು ಕೇಳಿಸಿತು. ಮಾಸ್ಟರು. ಅವರ ಹಿಂದೆ, ಅಂಗಡಿ ಬಿಟ್ಟು ಬಂದ ಕೀಲಿಯಣ್ಣ.

"ಏನಿದು ಗಲಾಟೆ? ಇವನು ಬಂದು ನಿಮ್ಮ ಸೊಸೆ ಅಂಗಡಿ ಮುಳುಗ್ತು ಅಂತಾನೆ."

"ಮುಳುಗ್ತು ಅನ್ಲಿಲ್ಲ. ಫೋನಲ್ಲಿ ಮಾಯ ಆಯ್ತು ಅಂದೆ" ಎಂದ ಕೀಲಿಯಣ್ಣ.

ಬೋರ್ಡಕ್ಕ ನಡೆದದ್ದನ್ನು ನಡೆದಂತೆ ಹೇಳಿದಳು. ಮಾಸ್ಟರು ಕೇಳಿದರು. ಸೊಸೆಯ ಕಡೆ ನೋಡಲಿಲ್ಲ. ಅಂಗಿಯ ಜೇಬಿಗೆ ಕೈ ಹಾಕಿ, ರಬ್ಬರ್ ಬ್ಯಾಂಡು ಸುತ್ತಿದ ತಮ್ಮ ಫೋನು ತೆಗೆದು ಬೋರ್ಡಕ್ಕನ ಕೈಗಿಟ್ಟರು.

"ಇದರಲ್ಲಿ ಏನಾದ್ರೂ ಇದ್ಯೇನೋ ನೋಡು. ನಂಗೆ ಹಿಂದಕ್ಕೆ ಹೋಗೋಕೆ ಬರಲ್ಲ, ಬರೀ ತೆಗೆಯೋಕೆ ಬರುತ್ತೆ."

ಬೋರ್ಡಕ್ಕ ತೆರೆದಳು. ಕೊಕ್ಕರೆ. ಒಳಬಾಗಿಲ ಸಂದಿಯಿಂದ ತೆಗೆದದ್ದು. ತಂತಿಯ ಬರಿ ಎಲುಬಷ್ಟೇ ಆಗಿದ್ದ ರೆಕ್ಕೆ. ಎಲುಬಿಗೆ ಕ್ಯಾನ್ವಾಸು ಹೊಲಿದ ರೆಕ್ಕೆ. ಬಿಳಿ ಬಟ್ಟೆಯ ಎಸಳುಗಳು ಒಂದರ ಮೇಲೊಂದು ಏರುತ್ತ ಅರ್ಧಕ್ಕೆ ಬಂದದ್ದು. ಮುಗಿದ ರೆಕ್ಕೆ ಕತ್ತರಿಸುವ ಮೇಜಿನ ತುಂಬ ಚಾಚಿಕೊಂಡು ಮಲಗಿದ್ದು. ನಡುವೆ ಒಂದರಲ್ಲಿ ಸೊಸೆಯ ಬಾಗಿದ ತಲೆ, ಬಾಯಲ್ಲಿ ಕಚ್ಚಿದ ದಾರ. ಎಲ್ಲ ಫೋಟೋಗಳೂ ಒಂದಿಷ್ಟು ಓರೆ. ಎಲ್ಲದರ ಬಲಮೂಲೆಯಲ್ಲೂ ಮಾಸ್ಟರ ಹೆಬ್ಬೆರಳು.

"ಇವನ್ನ ಯಾಕೆ ತೆಗೆದಿರಿ ಮಾಸ್ಟ್ರೇ?"

ಉತ್ತರ ಕೀಲಿಯಣ್ಣ ಕೊಟ್ಟ. "ಯಾಕೆ ಅಂದ್ರೆ? ಬೀದಿಗೆಲ್ಲಾ ಕಳಿಸೋಕೆ! ನಂಗೆ ಮೂರು ಸಲ ಕಳಿಸಿದ್ರು. ಮೂರು ಸಲಾನೂ ಒಂದೇ ಮಾತು, 'ನಮ್ಮ ಅಂಗಡಿ ಕೆಲಸ.' ಹಳೇ ಗಿರಾಕಿಗಳಿಗೆಲ್ಲ ಹೋಗಿದೆ. ಬೇಕಿದ್ರೆ ಕೇಳಿ."

"ನಿನ್ನ ಬಾಯಿಗೆ ಯಾವ ಬೀಗಾನೂ ಇಲ್ವೇನೋ" ಎಂದರು ಮಾಸ್ಟರು.

ಸೊಸೆ ಮಾವನನ್ನೇ ನೋಡುತ್ತಿದ್ದಳು. ಅಳುವುದಕ್ಕೋ ನಗುವುದಕ್ಕೋ ಇನ್ನೂ ತೀರ್ಮಾನವಾಗಿರಲಿಲ್ಲ.

"ಮಾವ, ಈ ರೆಕ್ಕೆ ನೋಡಿ ನೀವು ನಂಗೆ ಏನಂದ್ರಿ? ಹೊಲಿಗೆ ದೂರ ದೂರ ಇದೆ ಅಂದ್ರಿ."

"ದೂರಾನೇ ಇತ್ತು. ಈ ಫೋಟೋದಲ್ಲೂ ಕಾಣುತ್ತೆ, ನೋಡ್ಕೋ."

ಅವಳು ನಕ್ಕುಬಿಟ್ಟಳು. ನಗುತ್ತಲೇ ಕಣ್ಣೊರೆಸಿಕೊಂಡು, "ಅಕ್ಕಾ, ಹಾಕಿ. ಎಲ್ಲಾನೂ ಹಾಕಿ" ಎಂದಳು.

"ಬೆರಳು ಕತ್ತರಿಸ್ಲಾ?"

"ಯಾರ ಬೆರಳು?" ಎಂದರು ಮಾಸ್ಟರು ಗಾಬರಿಯಿಂದ.

"ಫೋಟೋದ್ದು ಮಾಸ್ಟ್ರೇ."

ಕತ್ತರಿಸಲು ಹೊತ್ತಿರಲಿಲ್ಲ. ಬೋರ್ಡಕ್ಕ ಒಂದೊಂದಾಗಿ ಅಪ್‌ಲೋಡ್ ಮಾಡಿದಳು. ಎಲುಬು ಮೊದಲು, ಆಮೇಲೆ ಕ್ಯಾನ್ವಾಸು, ಆಮೇಲೆ ಎಸಳು, ಕೊನೆಗೆ ಇಡೀ ರೆಕ್ಕೆ. ಸೊಸೆ ಪಕ್ಕದಲ್ಲಿ ನಿಂತು ಒಂದೊಂದರ ಕೆಳಗೂ ಏನು ಬರೆಯಬೇಕೆಂದು ಹೇಳಿದಳು. ಮುಗಿಸಿ, ಬೋರ್ಡಕ್ಕ ತನ್ನ ಫೋನಿನಲ್ಲಿ, ಸೊಸೆಯ ಫೋನಿನಲ್ಲಿ, ಕೀಲಿಯಣ್ಣನ ಒಡೆದ ಗಾಜಿನ ಫೋನಿನಲ್ಲಿ ತೆರೆದು ನೋಡಿದಳು. ಎಲ್ಲೆಡೆಯೂ ಕೊಕ್ಕರೆ ರೆಕ್ಕೆ ಬಿಚ್ಚಿತು.

ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಗಂಡ ಎಲ್ಲರಿಗೂ ತಟ್ಟೆ ಇಟ್ಟ. "ಸಭೆ ಮಾಡೋರೂ ಊಟ ಮಾಡೇ ಮಾಡ್ತಾರೆ. ನೀವ್ಯಾಕೆ ಉಪವಾಸ?" ಎಂದ. ಸೊಸೆ ಅನ್ನವನ್ನು ಬೆರಳಲ್ಲಿ ಆಡಿಸುತ್ತ ಕೂತಿದ್ದಳು. ಮಾಸ್ಟರು ಅವಳ ತಟ್ಟೆ ನೋಡಿದರು, ನೀರಿನ ಲೋಟ ಅವಳ ಕಡೆಗೆ ಸರಿಸಿದರು. ಕೀಲಿಯಣ್ಣ ಮಾತ್ರ ಎರಡನೇ ಸಲ ಬಡಿಸಿಕೊಂಡ.

ಫೋನು ಬಂದಾಗ ಎಲ್ಲರೂ ಒಟ್ಟಿಗೆ ಬೆಚ್ಚಿದರು. ಸೊಸೆಯ ಕೈ ಅಂಟಾಗಿದ್ದರಿಂದ ಬೋರ್ಡಕ್ಕನೇ ಒತ್ತಿ ಸ್ಪೀಕರ್ ಹಾಕಿದಳು. ಉಡುಪಿನ ಮೇಡಂ ದನಿ ಕೋಣೆ ತುಂಬಿತು.

"ನೋಡಿದ್ವಿ ನಿಮ್ಮ ಪುಟ. ಇನ್ನೊಬ್ಬರದ್ದೂ ನೋಡಿದ್ವಿ. ಅವರದ್ದು ಮುಗಿದ ಬಟ್ಟೆ ಮಾತ್ರ, ಚೆಂದ ಇದೆ. ನೀವು ಒಳಗೆ ಹೇಗೆ ಕಟ್ಟಿದೀರಿ ಅಂತಾನೂ ತೋರಿಸಿದೀರಿ. ಅದನ್ನ ನೋಡಿದ್ಮೇಲೆ ನಮಗೆ ಧೈರ್ಯ ಬಂತು. ರಾತ್ರಿ ರಾತ್ರಿ ಕುಣಿಯೋ ರೆಕ್ಕೆ, ತಡ್ಕೋಬೇಕಲ್ಲ. ಕೆಲಸ ನಿಮಗೇ ಅಂತ ಆಗಿದೆ. ನಾಳೆ ಬಂದು ಮಾತಾಡಿ." ಒಂದು ಕ್ಷಣ ನಿಲ್ಲಿಸಿ ನಕ್ಕರು. "ಅಂದ ಹಾಗೆ, ಮೂಲೇಲಿ ಆ ಬೆರಳು ಯಾರದ್ದು? ಇಲ್ಲಿ ಎಲ್ರೂ ಕೇಳ್ತಿದಾರೆ."

ಸೊಸೆ ಮಾವನ ಕಡೆ ನೋಡಿದಳು. "ನಮ್ಮ ಮಾಸ್ಟರದ್ದು ಮೇಡಂ" ಎಂದಳು.

ಮಾಸ್ಟರು ತಮ್ಮ ಹೆಬ್ಬೆರಳನ್ನು ಮಡಿಸಿ ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡರು.

ಮರುದಿನ ಅವರು ಮತ್ತೆ ಮಹಡಿ ಹತ್ತಿ ಬಂದರು. ಬಂದವರು ಕೂರಲಿಲ್ಲ. ಕುಂಚದ ಡಬ್ಬಿ ಮುಟ್ಟಿದರು, ಕಿಟಕಿ ಸರಳು ಮುಟ್ಟಿದರು. ಕೊನೆಗೆ ಕೇಳಿದರು.

"ಈಗ ಯಾರಾದ್ರೂ ನನ್ನ ಹಳೇ ವಿಳಾಸ ಒತ್ತಿದ್ರೆ ಏನು ಸಿಗುತ್ತೆ?"

"ಏನೂ ಸಿಗಲ್ಲ. ನೀವೇ ತೆಗಿ ಅಂದ್ರಲ್ಲ."

"ಏನೂ ಅಂದ್ರೆ ಏನೂನಾ?"

"ಏನೂ ಇಲ್ಲ."

ಮಾಸ್ಟರು ತಲೆಯಾಡಿಸಿದರು. ಹೋಗಲು ತಿರುಗಿ, ಹೋಗದೆ ನಿಂತರು. ಬೋರ್ಡಕ್ಕ ಅವರನ್ನೇ ನೋಡಿದಳು. ಬೋರ್ಡಿನಿಂದ ತನ್ನ ಹೆಸರು ಕೆರೆಸಿದವನ ಮುಖ ಹೇಗಿರುತ್ತದೆಂದು ಅವಳ ಅಪ್ಪ ಯಾವತ್ತೂ ತಿರುಗಿ ನೋಡಿರಲಿಲ್ಲವೇನೋ. ಅವನ ಕಣ್ಣೆಲ್ಲ ಮರದ ಮೇಲೆ.

"ಕೂತ್ಕೊಳ್ಳಿ ಮಾಸ್ಟ್ರೇ. ಒಂದು ಉಪಾಯ ಇದೆ."

ಅವಳು 'ದರ್ಜಿ' ಎಂಬ ವಿಳಾಸವನ್ನು ಮತ್ತೆ ಹುಟ್ಟಿಸಿದಳು. ಈ ಸಲ ಅದಕ್ಕೆ ಫೋಟೋ ಇಲ್ಲ, ಪುಟ ಇಲ್ಲ. ಬಂದವರನ್ನು ಕೈ ಹಿಡಿದು ನೇರ 'ವೇಷ'ದ ಪುಟಕ್ಕೆ ಕರೆದುಕೊಂಡು ಹೋಗು ಎಂಬ ಒಂದು ಸಾಲಿನ ಅಪ್ಪಣೆ, ಅಷ್ಟೇ. ಮುಗಿಸಿ, "ನಿಮ್ಮ ಫೋನಲ್ಲಿ ನೀವೇ ಒತ್ತಿ ನೋಡಿ" ಎಂದಳು.

ಮಾಸ್ಟರು ಕನ್ನಡಕ ಏರಿಸಿ, ನಿಧಾನವಾಗಿ ತಮ್ಮ ಹಳೆಯ ವಿಳಾಸ ಒತ್ತಿದರು. ಫೋನು ಒಂದು ಕ್ಷಣ ಯೋಚಿಸಿತು. ಆಮೇಲೆ ಸೊಸೆಯ ಪುಟ ಬಂತು. ಬಿಳಿಯ ರೆಕ್ಕೆ ಬಂತು. ರೆಕ್ಕೆಯ ಮೂಲೆಯಲ್ಲಿ ಹೆಬ್ಬೆರಳು ಬಂತು. ಅವರು ಫೋನನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು.

"ಸುಳ್ಳು ಬೋರ್ಡು ಅಲ್ವಲ್ಲ ಇದು?"

"ಅಲ್ಲ. ನಿಮ್ಮನ್ನ ಕೇಳ್ಕೊಂಡು ಬಂದೋರಿಗೆ ಸೊಸೇನ ತೋರಿಸುತ್ತೆ."

ಮಾಸ್ಟರು ರಬ್ಬರ್ ಬ್ಯಾಂಡು ಸುತ್ತಿ ಫೋನನ್ನು ಜೇಬಿಗಿಟ್ಟುಕೊಂಡರು. ಇಳಿದು ಹೋದರು. ಆದರೆ ಮೆಟ್ಟಿಲಿಳಿಯುವಾಗ ಅವರು ಕಂಬಿ ಹಿಡಿದಿರಲಿಲ್ಲ.

ಈಗ ಕೆಳಗಿನ ಅಂಗಡಿಯಲ್ಲಿ ಎಲ್ಲ ಅದಲುಬದಲು. ಮುಂದಿನ ಕೋಣೆಯಲ್ಲಿ ಸೊಸೆಯ ಯಂತ್ರ, ಮೇಜಿನ ಮೇಲೆ ಹಕ್ಕಿಗಳ ರಾಶಿ. ನಿಲುವುಗನ್ನಡಿಯೆದುರು ಒಬ್ಬ ನಟ ಕೈಚಾಚಿ ನಿಂತು ತನ್ನ ರೆಕ್ಕೆಯ ಅಳತೆ ಕೊಡುತ್ತಿರುತ್ತಾನೆ. ಹಿಂದಿನ ಕೋಣೆ ಮಾಸ್ಟರದ್ದು. ಸೂಜಿ ಬಿಟ್ಟೆ ಎಂದವರು ದೊಡ್ಡ ಕಣ್ಣಿನ ಒಂದಿಷ್ಟು ಸೂಜಿಗಳನ್ನು ಎಲ್ಲಿಂದಲೋ ಹುಡುಕಿ ತಂದಿದ್ದಾರೆ. ಸೊಸೆ ಅವಕ್ಕೆ ಬೆಳಿಗ್ಗೆಯೇ ದಾರ ಪೋಣಿಸಿಟ್ಟಿರುತ್ತಾಳೆ, ಅವರು ಗುಂಡಿ, ಕೊಕ್ಕೆ ಹಾಕುತ್ತ ಕೂರುತ್ತಾರೆ. ಹಳೆಯ ಗಿರಾಕಿಗಳು ಯಾರಾದರೂ ಅವರನ್ನು ಮಾತಾಡಿಸಬೇಕೆಂದು ಬಂದರೆ ಸೊಸೆಯ ಯಂತ್ರ ದಾಟಿ, ಒಳಬಾಗಿಲು ತಳ್ಳಿಯೇ ಹೋಗಬೇಕು.

"ಮಾಸ್ಟರು ಬೇಕಾ? ಒಳಗೆ ಹೋಗಿ" ಎನ್ನುತ್ತಾಳೆ ಅವಳು, ದಾರ ಹಲ್ಲಲ್ಲಿ ಕಡಿಯುತ್ತ. "ಹುಷಾರು. ನಿಮ್ಮ ಅಂಗಿ ಹೊಲಿಗೆ ದೂರ ದೂರ ಇದ್ರೆ ಹೇಳಿಬಿಡ್ತಾರೆ."

ಮೇಲಿನ ಮಹಡಿಯಲ್ಲಿ ಬೋರ್ಡಕ್ಕನ ಪಾದಕ್ಕೆ ಯಂತ್ರದ ಸದ್ದು ತಿಳಿಯುತ್ತದೆ. ಮೊದಲಿಗಿಂತ ಚುರುಕಾದ ಸದ್ದು. ಅವಳು ಬೆಳಗಿನ ಕಾಫಿ ಮುಗಿಸಿ ಬೀದಿ ಗುಡಿಸಲು ಕೂರುತ್ತಾಳೆ.